ಮಹಾಜನ ವರದಿಯ ಅರ್ಧ ಸಾಲು

ಬೆಳಗಾವಿಯ ಕಾಲೇಜೊಂದರಲ್ಲಿ ಗ್ರಂಥಪಾಲಕನಾಗಿದ್ದೇನೆ. ಕನ್ನಡ ವಿಕಿಪೀಡಿಯಾಕ್ಕೆ ಬರೆಯುವ ಹುಡುಗರು ಉಲ್ಲೇಖ ಹುಡುಕಿಕೊಂಡು ನನ್ನ ಹತ್ತಿರ ಬರುತ್ತಾರೆ. ಮಾತು ಹೆಚ್ಚಾಗಿ ಬಿಸಿಯಾಗುವುದು ಕರ್ನಾಟಕ-ಮಹಾರಾಷ್ಟ್ರ ಗಡಿಯ ವಿಷಯಕ್ಕೇ.

ಒಬ್ಬ ವಿದ್ಯಾರ್ಥಿ ಹೀಗೆ ಬರೆದು ತಂದಿದ್ದ: 'ಬೆಳಗಾವಿ ಕರ್ನಾಟಕದ್ದೇ ಎಂದು ಮಹಾಜನ ಆಯೋಗ ತೀರ್ಪು ಕೊಟ್ಟಿದೆ.' ಮೊದಲು 'ತೀರ್ಪು' ತೆಗೆಸಿದೆ. ಆಯೋಗ ಕೊಡುವುದು ಶಿಫಾರಸು. ಉಳಿದದ್ದು ಸುಳ್ಳಲ್ಲ. ಕೇಂದ್ರ ಸರ್ಕಾರ 1966ರಲ್ಲಿ ನೇಮಿಸಿದ ಈ ಆಯೋಗ, ಮರುವರ್ಷದ ವರದಿಯಲ್ಲಿ ಬೆಳಗಾವಿ ಆಗಿನ ಮೈಸೂರು ರಾಜ್ಯದಲ್ಲೇ ಇರಲಿ ಎಂದಿತು. ಆದರೆ ನಿಪ್ಪಾಣಿ, ಖಾನಾಪುರ ಸೇರಿ ಹಲವು ಊರು ಮಹಾರಾಷ್ಟ್ರಕ್ಕೆ ಹೋಗಲಿ ಎಂದದ್ದೂ ಅದೇ ವರದಿ. ಅಕ್ಕಲಕೋಟ, ಜತ್ತ ಭಾಗದ ಹಳ್ಳಿಗಳು, ಅತ್ತ ಕೇರಳದ ಕಾಸರಗೋಡು ನಮ್ಮ ಕಡೆ ಬರಲಿ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ವರದಿ ಜಾರಿಯಾಗಲೇ ಇಲ್ಲ.

"ಸರ್, ಖಾನಾಪುರದ್ದು ನಾವ್ಯಾಕ ಬರೀಬೇಕ್ರಿ? ಅವರಽ ಬರಕೊಳ್ಳಲಿ ಬಿಡ್ರಿ" ಎಂದ ಹುಡುಗ.

ಅವನ ಅಭಿಮಾನ ನನಗೂ ಇದೆ. ಆದರೆ ಈ ಗಡಿ ವಿವಾದದ ಗಂಧವೇ ಇಲ್ಲದ ಚಾಮರಾಜನಗರದ ಓದುಗ ಆ ಪುಟ ತೆರೆದರೆ ಅವನಿಗೆ ಪೂರ್ತಿ ವರದಿ ಸಿಗಬೇಕು ಅಲ್ವಾ? ನಾವು ಬಿಟ್ಟ ಅರ್ಧವನ್ನು ನಾಳೆ ಬೇರೆಯವರು ತಂದಿಟ್ಟರೆ, ನಾವು ಬರೆದ ನಿಜವಾದ ಅರ್ಧದ ಮೇಲೂ ನಂಬಿಕೆ ಹೋಗುತ್ತದೆ. ಪಕ್ಷಪಾತ ಬಹಳ ಸಲ ಸುಳ್ಳಿನಲ್ಲಿ ಇರುವುದಿಲ್ಲ, ಬಿಟ್ಟದ್ದರಲ್ಲಿ ಇರುತ್ತದೆ.

ಹಾಗಂತ ತಟಸ್ಥತೆ ಎಂದರೆ ಎರಡೂ ಕಡೆಗೆ ಸಮ ಪಾಲು ಹಂಚುವುದೂ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ಇಂದು ಕರ್ನಾಟಕದ ಜಿಲ್ಲಾ ಕೇಂದ್ರ. ಇದರ ಮುಂದೆ 'ಎನ್ನಲಾಗಿದೆ' ಎಂದು ಹಚ್ಚುವ ಅಗತ್ಯವೇ ಇಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಅದೂ ನಡೆದದ್ದೇ. ದಾವೆ ಇದೆ ಎಂದು ಬರೆದ ಮಾತ್ರಕ್ಕೆ ದಾವೆ ಒಪ್ಪಿದಂತೆ ಆಗುವುದಿಲ್ಲ.

ಇನ್ನು ಹಣೆಪಟ್ಟಿ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಎನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಹೆಸರಿನ ಹಿಂದೆ 'ನಾಡದ್ರೋಹಿ' ಎಂದು ಪತ್ರಿಕೆಗಳಲ್ಲಿ ಓದಿ ಓದಿ ನಮಗೆ ರೂಢಿಯಾಗಿದೆ. ವಿಶ್ವಕೋಶ ತನ್ನ ಬಾಯಿಂದ ಆ ಮಾತು ಆಡುವಂತಿಲ್ಲ. ಯಾರು ಹಾಗೆ ಕರೆದರು, ಯಾವಾಗ, ಯಾಕೆ ಎಂದು ಅವರ ಹೆಸರಿನಲ್ಲೇ ಬರೆಯಬಹುದು. ಅದಕ್ಕಿಂತ ಒಳ್ಳೆಯದು, ನಡೆದದ್ದನ್ನು ಬರೆಯುವುದು. ನಾಡು ರಾಜ್ಯೋತ್ಸವ ಆಚರಿಸುವ ನವೆಂಬರ್ 1ರಂದು ಸಮಿತಿ ಇಲ್ಲಿ ಕರಾಳ ದಿನ ಆಚರಿಸುತ್ತದೆ. ಇಷ್ಟು ಬರೆದು ಉಲ್ಲೇಖ ಕೊಡಿ. ಆ ದಿನ ಚನ್ನಮ್ಮ ವೃತ್ತದ ಕಡೆ ಮೆರವಣಿಗೆಗೆ ಹೋಗುವ ನನಗೆ ಇದು ನೋವಿನ ವಿಷಯವೇ. ಆದರೂ ಪುಟದಲ್ಲಿ ನನ್ನ ನೋವಿಗೆ ಜಾಗ ಇಲ್ಲ, ಇರಬಾರದು. ನಮ್ಮ ಕಡೆಯವರಿಗೆ ಸುಮ್ನೆ 'ವೀರ', 'ಧೀಮಂತ' ಎಂದು ಸೇರಿಸುವುದಕ್ಕೂ ಇದೇ ಲೆಕ್ಕ.

ಪುಟದ ತಲೆಯ ಮೇಲೆ 'ಈ ಲೇಖನದ ತಟಸ್ಥತೆ ಬಗ್ಗೆ ವಿವಾದವಿದೆ' ಎಂಬ ಫಲಕ ಹಚ್ಚಿ ಹೋಗಿಬಿಡುವವರು ಜಾಸ್ತಿ. ಅದು ತಪ್ಪು. ಫಲಕ ಇರುವುದು ಚರ್ಚೆಗೆ ಕರೆಯಲು, ಪುಟಕ್ಕೆ ಮಸಿ ಬಳಿಯಲು ಅಲ್ಲ. ಹಚ್ಚಿದವರು ಚರ್ಚೆ ಪುಟಕ್ಕೆ ಹೋಗಿ ಯಾವ ಸಾಲು, ಏನು ಬಿಟ್ಟಿದೆ, ಯಾವ ಪುಸ್ತಕದ ಯಾವ ಪುಟದಲ್ಲಿ ಅದು ಸಿಗುತ್ತದೆ ಎಂದು ಬರೆಯಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುತ್ತಾ ಕೂತರೆ ಏನೂ ಬಗೆಹರಿಯುವುದಿಲ್ಲ. ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ 3ಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆ ರದ್ದು ಮಾಡಿದರೆ ಖಾತೆಗೆ ತಡೆ ಬೀಳಬಹುದು.

ಸಾಲು ಸರಿಯಾಗಿ, ಚರ್ಚೆ ನಿಂತು ತಿಂಗಳುಗಳಾದರೂ ಫಲಕ ಹಾಗೇ ಇದ್ದರೆ ನೀವೇ ತೆಗೆಯಿರಿ. ಯಾಕೆ ತೆಗೆದಿರಿ ಎಂದು ಸಂಪಾದನೆಯ ಸಾರಾಂಶದಲ್ಲಿ ಒಂದು ಸಾಲು ಬರೆದಿಡಿ.