ಸೆಕೆಯ ಊರಲ್ಲಿ ಎಸ್‌ಎಸ್‌ಡಿ ಹಾಕಿಸುವಾಗ

ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಮಾಹಿತಿ ಉಳಿಸುವ ಡ್ರೈವ್) ಹಾಕಿಸಿದರೆ ಲ್ಯಾಪ್‌ಟಾಪ್ ತಣ್ಣಗಿರುತ್ತದೆ ಎಂದು ಮಂಗಳೂರಿನಲ್ಲಿ ತುಂಬಾ ಜನ ನಂಬಿದ್ದಾರೆ. ಒಳಗೆ ತಿರುಗುವ ತಟ್ಟೆಯೇ ಇಲ್ಲ, ಮತ್ತೆ ಬಿಸಿ ಎಲ್ಲಿಂದ ಎಂಬ ಲೆಕ್ಕ. ಅದು ಅರ್ಧ ಮಾತ್ರ ಸರಿ.

ಹಳೆಯ 2.5 ಇಂಚಿನ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಸುಮಾರು 2 ವ್ಯಾಟ್ ವಿದ್ಯುತ್ ತಿನ್ನುತ್ತದೆ. ಆ ಬಿಸಿ ಅದರ ಲೋಹದ ಮೈಯಲ್ಲೆಲ್ಲ ಹರಡಿಹೋಗುತ್ತದೆ. ಅದೇ ಜಾಗದಲ್ಲಿ ಕೂರುವ ಸಾಟಾ ಎಸ್‌ಎಸ್‌ಡಿಯೂ ಅಷ್ಟೇ, ತೊಂದರೆ ಕೊಡುವುದಿಲ್ಲ. ಎಸ್‌ಎಸ್‌ಡಿಯಲ್ಲೇ ಇನ್ನೂ ವೇಗದ ಬಗೆಯಾದ ಎನ್‌ವಿಎಂಇ ಹಾಗಲ್ಲ. ಅದು 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ತೆಳು ಪಟ್ಟಿ. ವೇಗದ ಜೆನ್ 4 (ನಾಲ್ಕನೇ ಪೀಳಿಗೆಯ) ಮಾದರಿಗಳು ಜೋರಾಗಿ ಕೆಲಸ ಮಾಡುವಾಗ 6–7 ವ್ಯಾಟ್ ಎಳೆಯುವುದುಂಟು. ಅದರ ಬಹುಪಾಲು ಬಿಸಿ ಉಗುರಿನಗಲದ ಕಂಟ್ರೋಲರ್ ಚಿಪ್ ಒಂದರಿಂದಲೇ ಬರುತ್ತದೆ.

ಇದಕ್ಕೆ ನಮ್ಮ ಸೆಕೆ ಸೇರಿಸಿ. ಲ್ಯಾಪ್‌ಟಾಪಿನ ಫ್ಯಾನ್ ಎಷ್ಟೇ ತಿರುಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಎಸಿ ಕೋಣೆಯಲ್ಲಿ 24 ಡಿಗ್ರಿಯಿಂದ ಲೆಕ್ಕ ಶುರು. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ಮನೆಯಲ್ಲಿ 34ರಿಂದ ಶುರು. ಆ ಜಾಸ್ತಿ 10 ಡಿಗ್ರಿ ಹೆಚ್ಚುಕಡಿಮೆ ಹಾಗೇ ಡ್ರೈವ್ ಮೇಲೂ ಕೂರುತ್ತದೆ. ಹೆಚ್ಚಿನ ಎನ್‌ವಿಎಂಇಗಳಿಗೆ ಕಂಪನಿಗಳು ಹೇಳುವ ಮಿತಿ 70 ಡಿಗ್ರಿ. ಬಿಸಿ ಅತಿಯಾದರೆ ಡ್ರೈವ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಡಬ್ಬಿಯ ಮೇಲಿನ ಸೆಕೆಂಡಿಗೆ 7,000 ಎಂಬಿ ವೇಗಕ್ಕೆ ದುಡ್ಡು ಕೊಟ್ಟವರಿಗೆ ಆಗ ಆ ವೇಗ ಸಿಗುವುದೇ ಇಲ್ಲ.

ಉಡುಪಿಯ ಗ್ರಾಹಕರೊಬ್ಬರು ಯಕ್ಷಗಾನ ಚಿತ್ರೀಕರಿಸುತ್ತಾರೆ. ಮೇಳಗಳ ತಿರುಗಾಟದ ದಿನಗಳಲ್ಲಿ ರಾತ್ರಿ ಆಟ, ಹಗಲು ಎಡಿಟಿಂಗ್. "ಹೊಸ ಡ್ರೈವ್ ಮಾರಾಯ್ರೆ, ರೆಂಡರ್ ಹಾಕಿದ್ರೆ ತೆವಳ್ತದೆ" ಎಂದರು. ಡ್ರೈವಿನ ಉಷ್ಣಾಂಶ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದಿಟ್ಟು ರೆಂಡರ್, ಅಂದರೆ ಎಡಿಟ್ ಆದ ವಿಡಿಯೋ ತಯಾರಿಸುವ ಕೆಲಸ, ಕೊಟ್ಟು ನೋಡಿದೆವು. ಉಷ್ಣಾಂಶ ನಿಲ್ಲದೆ ಏರಿ 70 ದಾಟಿತು. ಹಿಂಬದಿ ಬಿಚ್ಚಿದಾಗ ಕಾರಣ ಕಂಡಿತು. ಡ್ರೈವ್ ಇದ್ದದ್ದು ಪ್ರೊಸೆಸರಿನ ತಾಮ್ರದ ಕೊಳವೆಯ ಪಕ್ಕದಲ್ಲೇ. ಫ್ಯಾನಿನಿಂದ ಗಾಳಿ ಹೊರಹೋಗುವ ಜಾಲರಿಗೆ ಧೂಳು ಕಂಬಳಿ ತುಂಡಿನ ಹಾಗೆ ದಪ್ಪಗೆ ಅಂಟಿತ್ತು. ಕರಾವಳಿಯ ತೇವದಲ್ಲಿ ಧೂಳು ಊದಿದರೆ ಹೋಗುವುದಿಲ್ಲ, ಚಿಮುಟದಲ್ಲಿ ಹಿಡಿದು ಎಳೆಯಬೇಕು. ಅದನ್ನು ತೆಗೆದು, ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದನ್ನು ಬದಲಿಸಿ, ಡ್ರೈವಿಗೂ ಬಿಸಿಯನ್ನು ಮುಚ್ಚಳಕ್ಕೆ ದಾಟಿಸುವ ಥರ್ಮಲ್ ಪ್ಯಾಡ್ ಹಾಕಿದೆವು. ಆಮೇಲೆ ಅದೇ ರೆಂಡರಿಗೆ ಉಷ್ಣಾಂಶ 60ರ ಆಸುಪಾಸಿನಲ್ಲಿ ನಿಂತಿತು. ಡ್ರೈವಿನಲ್ಲಿ ಏನೂ ದೋಷವಿರಲಿಲ್ಲ.

ಅದಕ್ಕೇ ನಾನು ಹೇಳುವುದು, ಡ್ರೈವ್ ಬದಲಿಸಲು ಹಿಂಬದಿ ಬಿಚ್ಚಿದ ದಿನವೇ ಫ್ಯಾನ್ ಕ್ಲೀನ್ ಮಾಡಿಸಿ. ಎರಡನ್ನೂ ಒಂದೇ ಕೆಲಸ ಎಂದು ಲೆಕ್ಕಕ್ಕಿಡಿ. ಥರ್ಮಲ್ ಪ್ಯಾಡ್ ದಪ್ಪ ಇದ್ದಷ್ಟು ಒಳ್ಳೆಯದು ಎಂದುಕೊಳ್ಳಬೇಡಿ. ಡ್ರೈವಿಗೂ ಕೆಳಗಿನ ಮುಚ್ಚಳಕ್ಕೂ ಇರುವ ಅಂತರ ನೋಡಿ 0.5, 1 ಅಥವಾ 1.5 ಮಿ.ಮೀ. ಆರಿಸಬೇಕು. ದಪ್ಪ ಹೆಚ್ಚಾದರೆ ಸ್ಕ್ರೂ ಬಿಗಿಯುವಾಗ ಡ್ರೈವ್ ಬಾಗುತ್ತದೆ. ಮುಚ್ಚಳ ಪ್ಲಾಸ್ಟಿಕ್ಕಿನದಾದರೆ ಪ್ಯಾಡಿನಿಂದ ದೊಡ್ಡ ಲಾಭವಿಲ್ಲ, ತೆಳುವಾದ ತಾಮ್ರದ ಪಟ್ಟಿ ವಾಸಿ. ಡ್ರೈವಿನ ಮೇಲಿನ ಸ್ಟಿಕ್ಕರ್ ಕೀಳಬೇಡಿ, ವಾರಂಟಿ ಹೋದೀತು.

ಯಾವುದನ್ನು ಕೊಳ್ಳಬೇಕು? ಜೆನ್ 3 ಸ್ಲಾಟಿಗೆ ಜೆನ್ 4 ಡ್ರೈವ್ ಹಾಕಿದರೂ ಓಡುವುದು ಜೆನ್ 3 ವೇಗದಲ್ಲೇ. ಹಾರ್ಡ್ ಡಿಸ್ಕಿನ 100 ಎಂಬಿಯಿಂದ ಸಾಟಾದ 500ಕ್ಕೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಟ್ಯಾಲಿ, ಬ್ರೌಸರ್, ವರ್ಡ್ ಬಳಸುವವರಿಗೆ ಅದಕ್ಕಿಂತ ಮೇಲಿನದು ಅಷ್ಟಾಗಿ ತಿಳಿಯುವುದಿಲ್ಲ. ಅಂಥವರಿಗೆ ನಾನು ಸಾಟಾವನ್ನೇ ಹೇಳುತ್ತೇನೆ. ಸ್ಲಾಟ್ ಎನ್‌ವಿಎಂಇಯದೇ ಆಗಿದ್ದರೆ ಕಡಿಮೆ ವಿದ್ಯುತ್ ಎಳೆಯುವ ಮಾದರಿ ಸಾಕು.

ಕ್ಲೋನ್ ಮಾಡುವ, ಅಂದರೆ ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಾಗೇ ಹೊಸದಕ್ಕೆ ನಕಲು ಮಾಡುವ ಮೊದಲು, ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಯುಎಸ್‌ಬಿ ಕೇಸಿನಲ್ಲಿ ಇಟ್ಟ ಎನ್‌ವಿಎಂಇ ಆ ಹೊತ್ತಿನಲ್ಲಿ ಕೈ ಇಡಲಾರದಷ್ಟು ಕಾಯುತ್ತದೆ. ಹಾಸಿಗೆ ಮೇಲೆ ಬೇಡ, ಸೀಲಿಂಗ್ ಫ್ಯಾನಿನ ಕೆಳಗೆ ನೆಲದ ಮೇಲಿಡಿ.

ತೆಗೆದ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಬ್ಯಾಕಪ್‌ಗೆ ಬಳಸಿ. ಮಳೆಗಾಲದಲ್ಲಿ ಸುಮ್ನೆ ಕಪಾಟಿನಲ್ಲಿ ಬಿಡಬೇಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಆಗಾಗ ತೆಗೆದು ಓಡಿಸಿ ನೋಡುತ್ತಿರಿ.