ಯಾರ ಮುಖ ಅಂತ ಆಮೇಲೆ ಕೇಳಿ

ನೋಟು, ನಾಣ್ಯಗಳ ಹೊಸ ವಿನ್ಯಾಸ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಮೊದಲು ತೋರಿಸುವುದು ಒಂದು ಮುಖವನ್ನು. ಇಲ್ಲವೇ ಒಂದು ಹಕ್ಕಿ, ಒಂದು ಗೋಪುರ. "ಇವರನ್ನ ಹಾಕಿದರೆ ಹೇಗೆ ಸರ್?" ಅಂತ ಕೇಳುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ನಾನು ಕೇಳುವುದು ಬೇರೆ. ಇದರ ಉದ್ದ ಅಗಲ ಎಷ್ಟು? ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ನೋಟು ಎಲ್ಲಿದೆ, ಮೇಲಿನದು ಎಲ್ಲಿದೆ? ಹೆಚ್ಚಿನವರ ಹತ್ತಿರ ಉತ್ತರ ಇರುವುದಿಲ್ಲ. ವಿನ್ಯಾಸ ಕಲಿಸುತ್ತಾ, ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂರುತ್ತಾ ವರ್ಷಗಳಿಂದ ಇದನ್ನೇ ನೋಡುತ್ತಿದ್ದೇನೆ. ಬೇಜಾರಾಗುತ್ತದೆ, ಯಾಕೆಂದರೆ ಇವರಲ್ಲಿ ಒಳ್ಳೆ ಕೈ ಇರುವವರೇ ಜಾಸ್ತಿ.

ದುಡ್ಡನ್ನು ಯಾರೂ ಕೂತು ನೋಡುವುದಿಲ್ಲ. ಜೇಬಿಗೆ ಕೈ ಹಾಕಿ, ತಡಕಿ, ಎಳೆದು ಕೊಡುತ್ತಾರೆ. ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಬೆಳಕು ಮಂದ. ಕನ್ನಡಕ ಎಲ್ಲೋ ಬಿಟ್ಟು ಬಂದಿರುತ್ತೇವೆ. ಆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದು ಯಾವುದು ಅಂತ ಬೆರಳಿಗೆ ಗೊತ್ತಾಗಬೇಕು. ಅದು ಆಗದಿದ್ದರೆ ಎಂಥ ಮಹನೀಯರ ಮುಖ ಹಾಕಿದರೂ ಪ್ರಯೋಜನ ಇಲ್ಲ.

ಅಮೆರಿಕದ ಒಂದು ಡಾಲರ್ ನಾಣ್ಯದ ಕತೆಯನ್ನು ನಾನು ಪ್ರತಿ ವರ್ಷ ಹೇಳುತ್ತೇನೆ. 1979ರಲ್ಲಿ ಅವರು ಹೊಸ ನಾಣ್ಯ ತಂದರು. ಹೆಂಗಸರಿಗೆ ಮತದ ಹಕ್ಕು ಬೇಕು ಅಂತ ಜೀವಮಾನವಿಡೀ ಹೋರಾಡಿದ ಸೂಸನ್ ಬಿ. ಆಂಟನಿ ಅವರ ಮುಖ. ಅಲ್ಲಿ ಚಲಾವಣೆಯ ನಾಣ್ಯದ ಮೇಲೆ ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಿನ ಚಿತ್ರ ಬಂದದ್ದು ಅದೇ ಮೊದಲು. ಆಯ್ಕೆಯಲ್ಲಿ ಏನೂ ತಪ್ಪಿರಲಿಲ್ಲ. ಆದರೆ ನಾಣ್ಯದ ಅಗಲ 26.5 ಮಿಲಿಮೀಟರ್. ಅವರ ಕಾಲು ಡಾಲರಿನ ಅಗಲ ಹೆಚ್ಚು ಕಡಿಮೆ 24.3. ಎರಡೂ ಬೆಳ್ಳಿ ಬಣ್ಣ. ಎರಡಕ್ಕೂ ಅಂಚಿನಲ್ಲಿ ಒಂದೇ ತರಹದ ಗೀರು. ಒಂದರ ಬೆಲೆ ಇನ್ನೊಂದರ ನಾಲ್ಕು ಪಟ್ಟು, ಕೈಗೆ ಗೊತ್ತಾಗುವ ವ್ಯತ್ಯಾಸ ಎರಡು ಮಿಲಿಮೀಟರ್ ಚಿಲ್ಲರೆ! ಜನ ತಪ್ಪಿ ತಪ್ಪಿ ಕೊಟ್ಟರು, ಆಮೇಲೆ ಮುಟ್ಟುವುದನ್ನೇ ಬಿಟ್ಟರು. 1981ರ ನಂತರ ಅಚ್ಚು ಹಾಕುವುದು ನಿಂತಿತು. 1999ರಲ್ಲಿ ಒಂದು ಸಲ ಮತ್ತೆ ಹಾಕಿದರು, ಅಷ್ಟೆ.

ನನ್ನ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಆ ನಾಣ್ಯಕ್ಕೆ ಹನ್ನೊಂದು ಮೂಲೆ ಇಡಬೇಕು ಅಂತ ಮೊದಲು ಯೋಚಿಸಿದ್ದರು. ನಾಣ್ಯ ನುಂಗುವ ಯಂತ್ರಗಳ ಕಡೆಯವರು ಒಪ್ಪಲಿಲ್ಲ. ಕೊನೆಗೆ ನಾಣ್ಯ ದುಂಡಗೇ ಉಳಿಯಿತು, ಹನ್ನೊಂದು ಮೂಲೆಯ ಗೆರೆ ಅಂಚಿನ ಒಳಗಡೆ ಬಂತು. ಕಣ್ಣಿಗೆ ಮೂಲೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ. ಮೂಲೆ ಬೇಕಾಗಿದ್ದದ್ದು ಬೆರಳಿಗೆ ಅಲ್ವಾ?

ಅದು ಸೋತದ್ದಕ್ಕೆ ಅಳತೆಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಒಂದು ಡಾಲರಿನ ನೋಟು ಚಲಾವಣೆಯಲ್ಲೇ ಇತ್ತು, ಜನರಿಗೆ ನಾಣ್ಯದ ಅಗತ್ಯವೇ ಬೀಳಲಿಲ್ಲ. 2000ದಲ್ಲಿ ಬಂಗಾರದ ಬಣ್ಣ, ನುಣುಪು ಅಂಚು ಕೊಟ್ಟು ಇನ್ನೊಂದು ಡಾಲರ್ ನಾಣ್ಯ ತಂದಾಗಲೂ ಅದು ಅಷ್ಟಾಗಿ ಓಡಲಿಲ್ಲ. ಅದಕ್ಕೇ ಬರೀ ವಿನ್ಯಾಸದಿಂದ ಎಲ್ಲ ಸರಿಹೋಗುತ್ತದೆ ಅಂತ ಯಾರಿಗೂ ಭರವಸೆ ಕೊಡಬೇಡಿ.

ಯಂತ್ರವನ್ನೂ ಬೆರಳನ್ನೂ ಒಟ್ಟಿಗೆ ಒಪ್ಪಿಸಿದ ಉದಾಹರಣೆ ಬ್ರಿಟನ್ನಿನ ಐವತ್ತು ಪೆನ್ಸ್. 1969ರಲ್ಲಿ ಬಂದ ಏಳು ಮೂಲೆಯ ನಾಣ್ಯ. ಅದರ ಬದಿಗಳು ನೇರ ಇಲ್ಲ, ಸ್ವಲ್ಪ ಹೊರಗೆ ಬಾಗಿವೆ. ಹಾಗಾಗಿ ಯಾವ ಕಡೆಯಿಂದ ಅಳೆದರೂ ಅಗಲ ಒಂದೇ. ಯಂತ್ರದಲ್ಲಿ ಸಲೀಸಾಗಿ ಉರುಳುತ್ತದೆ, ಕೈಗೆ ಮಾತ್ರ ಮೂಲೆ ಸಿಗುತ್ತದೆ. ಯೂರೋದ ಒಂದು, ಎರಡು ಸೆಂಟ್ ನಾಣ್ಯಗಳನ್ನು ನೋಡಿ. ಎರಡೂ ತಾಮ್ರದ ಬಣ್ಣ, ಗಾತ್ರದಲ್ಲೂ ಹತ್ತಿರ ಹತ್ತಿರ. ಎರಡು ಸೆಂಟಿನ ಅಂಚಿನ ಸುತ್ತ ಒಂದು ತೋಡು ಕೊರೆದಿದ್ದಾರೆ. ಉಗುರು ಅದರಲ್ಲಿ ಕೂರುತ್ತದೆ. ಇಪ್ಪತ್ತು ಸೆಂಟಿನ ಅಂಚಿನಲ್ಲಿ ಏಳು ಕಚ್ಚು. ಸುಮ್ನೆ ಅಂದಕ್ಕೆ ಹಾಕಿದ ಕಚ್ಚಲ್ಲ ಅದು.

ನೋಟಿಗೂ ಇದೇ ಮಾತು. ಯೂರೋದ ಐದರ ನೋಟು 120 ಮಿಲಿಮೀಟರ್ ಉದ್ದ, 62 ಅಗಲ. ಹತ್ತು 127, 67. ಇಪ್ಪತ್ತು 133, 72. ಐವತ್ತು 140, 77. ಬಣ್ಣವೂ ಬೂದು, ಕೆಂಪು, ನೀಲಿ, ಕಿತ್ತಳೆ ಅಂತ ದೂರ ದೂರ. ಅಮೆರಿಕದಲ್ಲಿ ಒಂದು ಡಾಲರಿಗೂ ನೂರು ಡಾಲರಿಗೂ ಅಳತೆ ಒಂದೇ. ಇದರ ಬಗ್ಗೆ ಅಲ್ಲಿನ ಅಂಧರ ಸಂಘಟನೆ ಕೋರ್ಟಿಗೆ ಹೋಯಿತು. ಕಣ್ಣಿಲ್ಲದವರಿಗೆ ಈ ನೋಟುಗಳು ಅನ್ಯಾಯ ಮಾಡುತ್ತಿವೆ ಅಂತ 2006ರಲ್ಲಿ ತೀರ್ಪು ಬಂತು, 2008ರಲ್ಲಿ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಇಷ್ಟು ಹೇಳಿದ ಮೇಲೆ ಎಲ್ಲರೂ ಕೊಡುವ ಉತ್ತರ ಒಂದೇ. "ಬ್ರೈಲ್ ಹಾಕಿಬಿಡೋಣ ಸರ್."

ನನ್ನ ತರಗತಿಗೆ ವರ್ಷಕ್ಕೊಮ್ಮೆ ಒಬ್ಬ ಹಿರಿಯರು ಬರುತ್ತಾರೆ. ನಡುವಯಸ್ಸಿನಲ್ಲಿ ಕಣ್ಣು ಹೋಗಿದೆ. ಬ್ರೈಲ್ ಬರುವುದಿಲ್ಲ. ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡ ಎಷ್ಟೋ ಜನರಿಗೆ ಬರುವುದಿಲ್ಲ. ಹೋದ ಸಲ ಒಬ್ಬ ಹುಡುಗ ಬಹಳ ಸೊಗಸಾದ ಆರು ನೋಟು ಮಾಡಿದ್ದ. ಪ್ರತಿಯೊಂದರ ಮೂಲೆಯಲ್ಲೂ ಬ್ರೈಲ್ ಚುಕ್ಕಿ. ನಾನು ಅವನ್ನು ನಿಜವಾದ ಅಳತೆಗೆ ಮುದ್ರಿಸಿ, ಮುದುಡಿ, ಒಂದು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿ, ಆಮೇಲೆ ಆ ಹಿರಿಯರ ಮುಂದೆ ಇಟ್ಟೆ. ಅವರು ಒಂದು ನೋಟು ಎತ್ತಿ ಎರಡು ಬೆರಳಿನ ನಡುವೆ ಉದ್ದಕ್ಕೆ ಎಳೆದರು. ಇನ್ನೊಂದನ್ನು ಎತ್ತಿ ಮೊದಲನೆಯದರ ಮೇಲಿಟ್ಟು ಅಂಚಿಗೆ ಅಂಚು ಕೂಡಿಸಿದರು. ಮೂಲೆಯನ್ನು ಹೆಬ್ಬೆರಳಿಂದ ಉಜ್ಜಿದರು. ಚುಕ್ಕಿ ಅಷ್ಟೊತ್ತಿಗೆ ಚಪ್ಪಟೆಯಾಗಿತ್ತು. "ನೋಡಪ್ಪಾ, ನನ್ನ ಪಾಲಿಗೆ ಇವೆಲ್ಲ ಒಂದೇ ನೋಟು" ಅಂದರು. ಹುಡುಗನ ಮುಖ ಸಣ್ಣದಾಯಿತು. ಅವನಿಗೆ ಸಮಾಧಾನ ಹೇಳಿದ್ದೂ ಅವರೇ. ತಾವು ಮನೆಯಲ್ಲಿ ಒಂದೊಂದು ಬೆಲೆಯ ನೋಟನ್ನು ಒಂದೊಂದು ತರಹ ಮಡಚಿ ಇಟ್ಟುಕೊಳ್ಳುವುದನ್ನು ಮಾಡಿ ತೋರಿಸಿದರು.

ಉಬ್ಬು ಗುರುತು ಬೇಡ ಅಂತಲ್ಲ. ಆದರೆ ಅದು ಓದಲು ಬಾರದವರಿಗೂ ದಕ್ಕಬೇಕು. ಆಸ್ಟ್ರೇಲಿಯಾದಲ್ಲಿ ಕಣ್ಣಿಲ್ಲದ ಒಬ್ಬ ಹುಡುಗ ಶುರು ಮಾಡಿದ ಮನವಿಯ ನಂತರ, 2016ರ ಐದು ಡಾಲರಿನಿಂದ ಹಿಡಿದು ಅಲ್ಲಿನ ಹೊಸ ನೋಟುಗಳ ಉದ್ದದ ಅಂಚುಗಳಲ್ಲಿ ಉಬ್ಬು ಬಂತು. ಐದಕ್ಕೆ ಒಂದು, ಹತ್ತಕ್ಕೆ ಎರಡು, ಇಪ್ಪತ್ತಕ್ಕೆ ಮೂರು, ಹೀಗೆ. ಎಣಿಸಿದರೆ ಸಾಕು. ಕೆನಡಾದ ನೋಟುಗಳಲ್ಲೂ ಆರಾರು ಚುಕ್ಕಿಯ ಗುಂಪುಗಳಿವೆ, ಅವು ಬ್ರೈಲ್ ಅಕ್ಷರಗಳಲ್ಲ. ಈ ಗುರುತುಗಳು ಎಷ್ಟು ದಿನ ಸವೆಯದೆ ಉಳಿಯುತ್ತವೆ ಅನ್ನುವುದು ನೋಟು ಕಾಗದದ್ದೋ ಪಾಲಿಮರ್ ಅನ್ನುವ ಪ್ಲಾಸ್ಟಿಕ್ಕಿನದೋ, ಅಚ್ಚು ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ಅದನ್ನು ಮುದ್ರಣದವರ ಜೊತೆ ಕೂತೇ ತೀರ್ಮಾನಿಸಬೇಕು.

ಹಾಗಂತ ಮುಖ ಬೇಡವೇ? ಬೇಕು. ಮುಖದಲ್ಲಿ ಒಂದು ಗೆರೆ ಆಚೀಚೆ ಆದರೂ ನಮ್ಮ ಕಣ್ಣಿಗೆ ಥಟ್ಟನೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಖೋಟಾ ನೋಟು ಹಿಡಿಯಲು ಅದು ಹಳೆಯ ಉಪಾಯ. ಮುಖದಿಂದ ಜಗಳ ಬರುತ್ತದೆ ಅನ್ನಿಸಿದರೆ ಯೂರೋದವರ ಹಾಗೆ ಎಲ್ಲೂ ಇಲ್ಲದ ಸೇತುವೆ ಬರೆಯಬಹುದು. (ನೆದರ್‌ಲೆಂಡ್ಸಿನ ಸ್ಪೈಕೆನಿಸ್ಸೆ ಊರಿನವರು ಆಮೇಲೆ ಆ ಸೇತುವೆಗಳನ್ನು ನಿಜವಾಗಿಯೇ ಕಟ್ಟಿದರು.) ಏನೇ ಹಾಕಿ, ಬೆಲೆಯನ್ನು ದೊಡ್ಡ ಅಂಕಿಯಲ್ಲಿ ಬರೆಯಿರಿ. 2008ರಲ್ಲಿ ಬ್ರಿಟನ್ ತಂದ ಚಿಲ್ಲರೆ ನಾಣ್ಯಗಳನ್ನು ಜೋಡಿಸಿಟ್ಟರೆ ಒಂದು ಪೂರ್ತಿ ಗುರಾಣಿ ಆಗುತ್ತದೆ. ನನಗೆ ತುಂಬ ಇಷ್ಟವಾದ ಕೆಲಸ ಅದು. ಆದರೆ ಅವುಗಳಲ್ಲಿ ಬೆಲೆ ಅಕ್ಷರದಲ್ಲಿದೆ, ಅಂಕಿ ಇಲ್ಲ. ಇಂಗ್ಲಿಷ್ ಬಾರದವರು ಏನು ಮಾಡಬೇಕು?

ಆರು ನೋಟು ಮಾಡಿದ್ದ ನನ್ನ ತರಗತಿಯ ಆ ಹುಡುಗ ಮುಂದಿನ ವಾರ ಮತ್ತೆ ಬಂದ. ಚಿತ್ರ ತಂದಿರಲಿಲ್ಲ. ಆರು ಅಳತೆಯಲ್ಲಿ ಕತ್ತರಿಸಿದ ಬರೀ ಬಿಳಿ ಹಾಳೆ, ಅಂಚಿನಲ್ಲಿ ಅಂಟಿನ ಹನಿ ಒಣಗಿಸಿ ಮಾಡಿದ ಉಬ್ಬು. ಹಿರಿಯರನ್ನು ತಾನೇ ಕರೆದುಕೊಂಡು ಬಂದಿದ್ದ. ಅವರು ನಾಲ್ಕನ್ನು ಸಲೀಸಾಗಿ ಬೇರೆ ಮಾಡಿದರು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಮಾತ್ರ ಎರಡು ಸಲ ಎಡವಿದರು. ಹುಡುಗ ಚೀಲದಿಂದ ಕತ್ತರಿ ತೆಗೆದು, ಅಲ್ಲೇ ನಿಂತು ಚಿಕ್ಕದನ್ನು ಇನ್ನೂ ನಾಲ್ಕು ಮಿಲಿಮೀಟರ್ ಕತ್ತರಿಸಿ, ಮತ್ತೆ ಅವರ ಕೈಗೆ ಕೊಟ್ಟ.