‘ಮಾಮಾ’ ಅಂದರೆ ಯಾರು?

ಕನ್ನಡದ ಮನೆಗಳಲ್ಲಿ ಮಾಮ ಅಂದರೆ ಅಮ್ಮನ ಅಣ್ಣನೋ ತಮ್ಮನೋ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಮಾಮಾ ಅಂದರೆ ತಾಯಿ. ಪೆರು, ಬೊಲಿವಿಯಾ ಕಡೆಯ ಕೆಚುವಾ ಭಾಷೆಯಲ್ಲೂ ತಾಯಿಯೇ. ಅಲ್ಲಿನವರು ಭೂಮಿತಾಯಿಯನ್ನು ‘ಪಚಮಾಮಾ’ ಅನ್ನುತ್ತಾರೆ. ಜಾರ್ಜಿಯಾದಲ್ಲಿ ಮಾತ್ರ ಎಲ್ಲ ತಲೆಕೆಳಗು. ಅಲ್ಲಿ ಮಾಮಾ ಅಂದರೆ ಅಪ್ಪ, ಅಮ್ಮ ‘ದೇದಾ’. ರಾಜಧಾನಿ ಟಿಬಿಲಿಸಿಯ ಗುಡ್ಡದ ಮೇಲೆ 1958ರಲ್ಲಿ ನಿಲ್ಲಿಸಿದ 20 ಮೀಟರ್ ಎತ್ತರದ ಹೆಣ್ಣಿನ ಪ್ರತಿಮೆಗೆ ‘ಕಾರ್ಟ್ಲಿಸ್ ದೇದಾ’, ಅಂದರೆ ಜಾರ್ಜಿಯಾದ ತಾಯಿ ಎಂದೇ ಹೆಸರು. ಆಸ್ಟ್ರೇಲಿಯಾದ ಪಿಟ್ಜಂಟ್ಜಟ್ಜರ ಜನರಿಗೂ ಮಾಮಾ ಅಪ್ಪನೇ.

ಈ ಭಾಷೆಗಳ ನಡುವೆ ನಂಟಿಲ್ಲ. ಆದರೂ ‘ಅಮ್ಮ ಅನ್ನೋ ಪದ ಎಲ್ಲ ಕಡೆ ಒಂದೇ, ಹಾಗಾಗಿ ಭಾಷೆಗಳ ಮೂಲವೂ ಒಂದೇ’ ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಕೇಳಲು ಚೆಂದ, ಆದರೆ ನಿಲ್ಲುವುದಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ ತಂದೆ, ತಾಯಿಯನ್ನು ಕರೆಯುವ 1072 ಪದಗಳನ್ನು ಲೋಕದ ಬೇರೆಬೇರೆ ಭಾಷೆಗಳಿಂದ ಕೂಡಿಹಾಕಿದ್ದರು. ತಾಯಿಯ ಪದಗಳಲ್ಲಿ ಶೇ 55ರಷ್ಟು ಕಡೆ ಮ, ನದಂಥ ಮೂಗಿನ ಸದ್ದಿತ್ತು. ತಂದೆಯ ಪದಗಳಲ್ಲಿ ಬರೀ ಶೇ 15. ಇದಕ್ಕೆ ಕಾರಣ ಹುಡುಕಿದವರು ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್, 1959ರಲ್ಲಿ. ಹಾಲು ಕುಡಿಯುವ ಮಗುವಿನ ಬಾಯಿ ಮುಚ್ಚಿರುತ್ತದೆ, ಸದ್ದು ಬಂದರೆ ಮೂಗಿನಿಂದಲೇ ಬರಬೇಕು. ಆಮೇಲೆ ಹಸಿವಾದಾಗಲೂ ಮಗು ಅದೇ ‘ಮ್ ಮ್’ ರಾಗ ಎಳೆಯುತ್ತದೆ. ಮಗುವಿಗೆ ಬೇಕಿರುವುದು ಊಟ. ‘ಅಯ್ಯೋ, ನನ್ನನ್ನೇ ಕರೀತಿದೆ’ ಅಂದುಕೊಳ್ಳುವವರು ದೊಡ್ಡವರು! ಆ ಸದ್ದಿಗೆ ಅರ್ಥ ಅಂಟಿಸುವವರೂ ಅವರೇ. ಜಾರ್ಜಿಯಾದವರು ಅದನ್ನು ಅಪ್ಪನಿಗೆ ಕೊಟ್ಟರು, ಅಷ್ಟೆ. ನಮ್ಮಲ್ಲಿ ಮಕ್ಕಳಿಗೆ ಅನ್ನ ತಿನ್ನಿಸುವಾಗ ‘ಮಮ್ಮು’ ಅಂತೀವಲ್ಲ, ಜಪಾನಿನಲ್ಲೂ ಎಳೆ ಮಕ್ಕಳ ಊಟಕ್ಕೆ ‘ಮಮ್ಮಾ’.

ಜಪಾನಿನದೇ ಇನ್ನೊಂದು ಸ್ವಾರಸ್ಯವಿದೆ. ಅಲ್ಲಿ ತಾಯಿಗೆ ‘ಹಹಾ’, ತಂದೆಗೆ ‘ಚಿಚಿ’. 1516ರ ಒಂದು ಸಂಗ್ರಹದಲ್ಲಿ ಹೀಗೊಂದು ಒಗಟಿದೆ: ತಾಯಿಯಲ್ಲಿ ಎರಡು ಸಲ ಸೇರುತ್ತವೆ, ತಂದೆಯಲ್ಲಿ ಒಮ್ಮೆಯೂ ಸೇರುವುದಿಲ್ಲ, ಏನದು? ಉತ್ತರ: ತುಟಿಗಳು. ಈಗ ಹಹಾ ಅಂದರೆ ತುಟಿ ಅಲ್ಲಾಡುವುದೇ ಇಲ್ಲ. ಆದರೆ ಆ ಕಾಲದಲ್ಲಿ ಅಲ್ಲಿನ ಹ, ತುಟಿ ಹತ್ತಿರ ತಂದು ಊದುವ ಫ ಆಗಿತ್ತು. ಅದಕ್ಕೂ ಹಿಂದೆ ಪ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾಯಿತಲ್ಲ, ಹೆಚ್ಚುಕಡಿಮೆ ಅದೇ ದಾರಿ.

ಇವತ್ತಿನ ಜಪಾನಿ ಮಕ್ಕಳು ಅಮ್ಮನನ್ನು ‘ಮಾಮಾ’ ಅಂತಲೂ ಕರೆಯುತ್ತಾರೆ. ಅದನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದು ಪಶ್ಚಿಮದ ಭಾಷೆಗಳಿಂದ ತಂದುಕೊಂಡ ಪದ.